ಎರಡು ಗೆರೆ, ಅರ್ಧ ಅಂಕ

ದೊಡ್ಡ ವಿಷಯಗಳಿಗೆ ನನಗೆ ಕೋಪ ಬರುವುದಿಲ್ಲ. ಬೊರಿವಲಿಯಿಂದ ಸಾಂತಾಕ್ರೂಜ್‌ವರೆಗೂ ಲೋಕಲ್ ರೈಲಿನಲ್ಲಿ ನನ್ನ ಕಾಲ ಮೇಲೆಯೇ ನಿಂತು ಬಂದವನಿಗೂ ಇಳಿಯುವಾಗ ದಾರಿ ಬಿಟ್ಟುಕೊಟ್ಟವನು ನಾನು. ಆದರೆ x ನ ಅಕ್ಕಪಕ್ಕದ ಎರಡು ಗೆರೆಗಳನ್ನು ಯಾರಾದರೂ ಮುಟ್ಟಿದರೆ ಮೈಯೆಲ್ಲ ಉರಿಯುತ್ತದೆ.

ಗಣಿತ ಮರೆತವರಿಗಾಗಿ ಹೇಳುತ್ತೇನೆ. ಒಂದನ್ನು x ನಿಂದ ಭಾಗಿಸಿ ಇಂಟಿಗ್ರೇಟ್ ಮಾಡಿದರೆ ಲಾಗ್ x ಬರುತ್ತದೆ. ಮೈನಸ್ ಸಂಖ್ಯೆಗೆ ಲಾಗ್ ಇಲ್ಲ. x ಗೋ ಆಗಾಗ ಮೈನಸ್ ಆಗುವ ಚಟ. ಆದ್ದರಿಂದ ಅದರ ಎಡಬಲಕ್ಕೆ ಒಂದೊಂದು ನೆಟ್ಟನೆಯ ಗೆರೆ ಎಳೆದು ಮೈನಸ್ಸನ್ನು ಕಳಚಬೇಕು. ಕುಡಿದವನನ್ನು ಇಬ್ಬರು ರಟ್ಟೆ ಹಿಡಿದು ಮರ್ಯಾದೆಯಾಗಿ ಮನೆ ಸೇರಿಸುವ ಹಾಗೆ.

ಎಂಬತ್ತರ ದಶಕದ ಒಂದು ಬೇಸಿಗೆ. ಸಾಂತಾಕ್ರೂಜ್‌ನ ಶಾಲೆಯೊಂದರಲ್ಲಿ ಹನ್ನೆರಡನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆವು. ಹತ್ತು ಮೇಷ್ಟರು, ಎರಡು ಫ್ಯಾನು, ತಿರುಗುತ್ತಿದ್ದದ್ದು ಒಂದೇ. ಮಧ್ಯಾಹ್ನದ ಚಹಾ ಮುಗಿಸಿ ಕೂತರೆ, ಯಾವುದೋ ಮಗು ಗೆರೆ ಎಳೆದದ್ದಲ್ಲದೆ “x ಮೈನಸ್ ಇದ್ದರೂ ಇರಬಹುದು” ಎಂದು ಕಾರಣವನ್ನೂ ಬರೆದಿತ್ತು. ಕಣ್ಣು ತುಂಬಿ ಬಂತು. ಪೂರ್ತಿ ಅಂಕ ಕೊಟ್ಟೆ. ನಮ್ಮ ಮೇಲ್ವಿಚಾರಕರಾದ ಧಾರವಾಡದ ದೇಸಾಯರು ಅದನ್ನು ನೋಡಿದವರೇ ಅರ್ಧ ಕಳೆದರು.

“ಮಾದರಿ ಉತ್ತರದಾಗ ಗೆರಿ ಇಲ್ಲರೀ, ರಾಯರ.”

“ಮಾದರಿ ಉತ್ತರವೇ ತಪ್ಪು, ಸಾರ್.”

“ತಪ್ಪಿರಲಿ, ಮ್ಯಾಲಿಂದ ಬಂದದ. ಸುಮ್ಮನ ಮುಗಸ್ರಿ, ನಿಮ್ಮ ಬೊರಿವಲಿ ಗಾಡಿ ತಪ್ಪತದ.”

“ಗಾಡಿ ಹೋದರೆ ಇನ್ನೊಂದು ಬರುತ್ತದೆ. ಅರ್ಧ ಅಂಕಕ್ಕೆ ಈ ಮಗುವಿನ ಇಂಜಿನಿಯರಿಂಗ್ ಸೀಟು ಹೋದರೆ?”

ಮೇಜು ಗುದ್ದಿದೆ. ಚಹಾದ ಲೋಟ ಉರುಳಿತು. ಗೆರೆ ಹೊಡೆದುಹಾಕಿ ಅಂಕ ಕಳೆಯುವವನು ಚಾಕ್‌ಪೀಸ್ ಮುಟ್ಟುವುದಕ್ಕೂ ನಾಲಾಯಕ್ಕು ಎಂದು ಹತ್ತೂ ಮೇಷ್ಟರಿಗೆ ಕೇಳುವಂತೆ ಘೋಷಿಸಿದೆ. ದೇಸಾಯರು ಎದ್ದು ಆಫೀಸಿನ ಫೋನಿಗೆ ಹೋದರು. ಅರ್ಧ ಗಂಟೆಯ ಮೇಲೆ ಬಂದರು.

“ಬೋರ್ಡಿನವರು ಒಪ್ಪಿದರು. ಗೆರಿ ಎಳದವರಿಗೂ ಪೂರ್ತಿ ಅಂಕ. ಈಗ ತಿದ್ದಿದ್ದೆಲ್ಲಾ ಮತ್ತ ತೆಗೀಬೇಕು. ನಿಮ್ಮ ಮುಂಜಾನಿ ಬಂಡಲಿಂದನ ಶುರು ಮಾಡೋಣು.”

ಗೆದ್ದ ಗತ್ತಿನಲ್ಲೇ ಬಂಡಲ್ ಬಿಚ್ಚಿದೆ. ಮೊದಲ ಪತ್ರಿಕೆಯಲ್ಲೇ x ನ ಎರಡೂ ಗೆರೆಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ “ಅನವಶ್ಯಕ” ಎಂದು ಇಂಗ್ಲಿಷಿನಲ್ಲಿ ಬರೆದು ಅಡಿಗೆರೆ ಎಳೆದಿತ್ತು. ಮುಂಜಾನೆ ಮಾದರಿ ಉತ್ತರ ನೋಡಿಕೊಂಡು ಸರಸರನೆ ತಿದ್ದಿದ್ದೆ. ತಲೆ ಓಡಿಸಿದ್ದು ಚಹಾ ಆದಮೇಲೆ.

“ಯಾರ ಅಕ್ಷರರೀ ಇದು?” ಎಂದರು ದೇಸಾಯರು.

ಪ್ರತಿ ತಿದ್ದುಪಡಿಗೂ ಪರೀಕ್ಷಕನ ಸಹಿ ಬೇಕೆಂದು ನಿಯಮ. ಇಪ್ಪತ್ಮೂರು ಸಹಿ ಹಾಕಿದೆ. ದೇಸಾಯರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ನನ್ನ ಮುಂದೊಂದು ಹೊಸ ಚಹಾ ಇಟ್ಟು, ತುಟಿ ಪಿಟಕ್ಕೆನ್ನದೆ ಕೂತಿದ್ದರು. ಒಂದು ಮಾತು ಬೈದಿದ್ದರೂ ಆಗಿತ್ತು. ಆ ಮನುಷ್ಯನ ಮೇಲಿನ ಕೋಪ ನನಗೆ ಇಂದಿಗೂ ಇಳಿದಿಲ್ಲ.