ಬಾಯ್ಲರಿಗೆ ಎಣ್ಣೆಸ್ನಾನ

ಕೆ.ಆರ್. ನಗರದ ಸೀಮೆಗೆ ಕಿವಿಗೆ ಕೇಳಿಸದ ಸದ್ದನ್ನು ಮೊದಲು ತಂದವನು ನಾನು. ಇದು ಸುಳ್ಳು. ತಂದವರು ಮೈಸೂರಿನ ಒಬ್ಬ ಇಂಜಿನಿಯರು. ನಾನು ಅವರ ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಿದವನು. ಅಕ್ಕಿ ಗಿರಣಿಗಳ ಬಾಯ್ಲರು ಪರೀಕ್ಷೆ ಮಾಡುವವರ ಹಿಂದೆ ಸುತ್ತಿದರೆ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ನಾನು ಸ್ವಲ್ಪ ಕೈ ಹಾಕುತ್ತೇನೆ, ಅಷ್ಟೆ.

ಬಸ್ಸಿನಲ್ಲಿ

ಐವತ್ತೆಂಟನೇ ಇಸವಿಯ ಸುಗ್ಗಿಗೆ ಮುಂಚೆ. ಪೆಟ್ಟಿಗೆ ಹಾರ್ಮೋನಿಯಂನಷ್ಟು ದಪ್ಪ, ಮುಂದೆ ಒಂದು ಗಾಜು. ಎಚ್.ಡಿ. ಕೋಟೆ ಕಡೆಯ ರೈತನೊಬ್ಬ ಪಕ್ಕದಲ್ಲಿ ಕೂತಿದ್ದ.

"ಏನ್ ಸಾಮಿ ಇದು?"

ಇಂಜಿನಿಯರು ಯಾರು ಕೇಳಿದರೂ ಪಾಠ ಮಾಡುವವರು. "ಕಬ್ಬಿಣದ ತಗಡಿನೊಳಕ್ಕೆ ಸದ್ದು ಬಿಡ್ತೀವಿ. ಆ ಕಡೆ ಮೈಗೆ ತಾಗಿ ವಾಪಸು ಬರುತ್ತೆ. ಬೇಗ ಬಂತು ಅಂದ್ರೆ ಅಲ್ಲಿ ತುಕ್ಕು ತಿಂದು ತೆಳ್ಳಗಾಗಿದೆ ಅಂತ. ಒಡೆದು ನೋಡೋ ಕೆಲಸವೇ ಇಲ್ಲ."

"ಅಂಗಾರೆ ನಮ್ ಬೀಗರ ತಲೆಗೊಂದ್ಸಲ ಮಡಗಿ ನೋಡಿ."

"ಎಣ್ಣೆ ಹಚ್ಚಬೇಕಾಗುತ್ತಪ್ಪ, ಇಲ್ಲದಿದ್ರೆ ಸದ್ದು ಒಳಗೆ ಹೋಗೋಲ್ಲ."

"ಅದ್ಕೇ ಅನ್ನಿ, ನಾವು ಏಳಿದ್ದೊಂದೂ ಒಳೀಕೆ ಓಗ್ತಿರ್ನಿಲ್ಲ."

ಬೀಗರು ಹಿಂದಿನ ಸೀಟಿನಲ್ಲೇ ಇದ್ದರು. ಇಳಿಯುವವರೆಗೂ ಟವಲ್ಲು ತಲೆಯಿಂದ ತೆಗೆಯಲಿಲ್ಲ.

ಸೀಗೆಪುಡಿ

ನಾವು ಹೋದದ್ದು ಕೆ.ಆರ್. ನಗರದ ಒಬ್ಬ ಸಾಹುಕಾರರ ಗಿರಣಿಗೆ. ಹಣೆ ತುಂಬ ವಿಭೂತಿ, ಎದೆ ತುಂಬ ಆತಂಕ. ಬಾಯ್ಲರು ಪಾಸಾಗದಿದ್ದರೆ ಭತ್ತ ಬೇಯಿಸುವ ಒಲೆ ಹಚ್ಚುವಂತಿಲ್ಲ, ಆ ಸುಗ್ಗಿಯ ಭತ್ತವೆಲ್ಲ ಪಿರಿಯಾಪಟ್ಟಣದ ಗಿರಣಿಗೆ. ಆ ಗಿರಣಿ ಅವರ ಸ್ವಂತ ಷಡ್ಡಕನದು. ಭತ್ತ ಹೋದರೂ ತಡೆದಾರು, ಷಡ್ಡಕ ನಗುವುದನ್ನು ತಡೆಯಲಾರರು.

ಇಂಜಿನಿಯರು ಎಣ್ಣೆ ಕೇಳಿದರು. ಸಾಹುಕಾರರ ತಾಯಿ ಹರಳೆಣ್ಣೆಯನ್ನೇ ಕಳಿಸಿದರು. ನಾನು ಬಾಯ್ಲರಿನ ಹೊಟ್ಟೆಗೆ ಬಳಿಯುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿ, "ಎಷ್ಟೊತ್ತು ನೆನೀಬೇಕಪ್ಪ?" ಅಂದರು.

"ಚೆನ್ನಾಗಿ ನೆನೀಬೇಕು ಕಣವ್ವ, ವಯಸ್ಸಾದ ಬಾಯ್ಲರು," ಅಂದೆ.

ಇಂಜಿನಿಯರು ಊಟ ಮುಗಿಸಿ ಬರುವಷ್ಟರಲ್ಲಿ ಆ ಅಜ್ಜಿ ಬಾಯ್ಲರಿಗೆ ಸೀಗೆಪುಡಿ ಹಾಕಿ ಬಿಸಿನೀರು ಹುಯ್ಯಿಸಿದ್ದರು. ಎಣ್ಣೆಯೆಲ್ಲ ಹೋಗಿತ್ತು. ಇಂಜಿನಿಯರು ಮತ್ತೆ ಎಣ್ಣೆ ಕೇಳಿದಾಗ ಅಜ್ಜಿ ಗದರಿಕೊಂಡರು: "ಒಂದೇ ದಿನ ಎಲ್ಡು ಸಲ ಹಚ್ಚುದ್ರೆ ಅದ್ಕೆ ಸೀತ ಆಗ್ತದೆ."

ವಾಲಗ

ಹಿಂದೆ ಪರೀಕ್ಷೆಗೆ ಬರುತ್ತಿದ್ದವರು ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಅವರು ಬಂದ ದಿನವೆಲ್ಲ ಸಾಹುಕಾರರು ಎಣ್ಣೆ ಇಂಜಿನ್ನನ್ನು ಬಡಬಡ ಓಡಿಸಿಬಿಡುತ್ತಿದ್ದರು. ಆ ಗಲಾಟೆಯಲ್ಲಿ ಬಾಯ್ಲರು ವರ್ಷಾ ವರ್ಷ ಪಾಸಾಗುತ್ತಿತ್ತು. ಈ ಸಲ ಇಂಜಿನ್ನು ಕೆಟ್ಟು ಕೂತಿತ್ತು.

ಸಾಹುಕಾರರು ನನ್ನನ್ನು ಮೂಲೆಗೆ ಕರೆದರು. "ಈ ಪೆಟ್ಟಿಗೇನೂ ಸದ್ದು ಕೇಳೇ ಯೋಳೋದಾ?"

"ಸದ್ದೇ ಕಣ್ರೀ."

"ಅಂಗಾರೆ ವಾಲಗದೋರ್ನ ಕರ್ಸಿಬುಟ್ರೆ?"

ಆ ಸದ್ದು ಬೇರೆ, ಈ ಸದ್ದು ಬೇರೆ, ಪೆಟ್ಟಿಗೆಗೆ ವಾಲಗ ಕೇಳುವುದೇ ಇಲ್ಲ ಎಂದು ಹೇಳಬಹುದಿತ್ತು. ಯಾರ ಡೋಲು ಜೋರು ಅಂತ ಮಾತ್ರ ಹೇಳಿದೆ.

ವಾಲಗ ಶುರುವಾಯಿತು. ಕೆಟ್ಟ ಇಂಜಿನ್ನಿನ ಎಣ್ಣೆಯನ್ನೇ ಹಚ್ಚಿಕೊಳ್ಳುತ್ತಿದ್ದ ಇಂಜಿನಿಯರು ತಲೆಯೆತ್ತಿ, "ಮನೇಲಿ ಶುಭಕಾರ್ಯವಾ?" ಅಂದರು. "ಬಾಯ್ಲರಿನ್ದೇ," ಅಂದರು ಸಾಹುಕಾರರು. ಇಂಜಿನಿಯರು ಗಾಜಿನ ಮೇಲಿನ ಹಸಿರು ಗೆರೆ ನೋಡುತ್ತ, ಹೊಟ್ಟೆಯ ಅಡಿಯಲ್ಲಿ ಕಡಲೆಕಾಳಿನಷ್ಟು ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, "ಒಳಗೆ ತುಕ್ಕು ತಿಂದಿದೆ, ಕಾಗದದಷ್ಟು ಉಳಿದಿದೆ," ಎಂದು ಕೈ ತೊಳೆಯಲು ಬಾವಿ ಕಡೆ ಹೋದರು.

"ನಮ್ಮಪ್ಪನ ಕಾಲದ ಕಬ್ಬಿಣಕ್ಕೆ ಇವ್ನು ಸುತ್ತು ಹಾಕ್ತಾನಾ? ನೋಡು ಬಾರ್ಲಾ," ಎಂದು ಸಾಹುಕಾರರು ನನ್ನೆದುರೇ ಬಗ್ಗಿ ಸುತ್ತಿನ ನಡುವೆ ಸುತ್ತಿಗೆಯಲ್ಲಿ ಒಂದು ಕೊಟ್ಟರು. ಬಾಯ್ಲರಿನ ತುಂಬ ನೀರಿತ್ತು. ಸಣ್ಣ ಪಿಚಕಾರಿಯಂತೆ ಹಾರಿ ಅವರ ಹಣೆಯ ವಿಭೂತಿಯನ್ನು ಒಂದೇ ಏಟಿಗೆ ತೊಳೆಯಿತು. ಸಾಹುಕಾರರು ಕಿರುಬೆರಳನ್ನು ತೂತಿಗೆ ಒತ್ತಿ ಹಿಡಿದರು. ಬೆರಳ ಸಂದಿಯಿಂದ ಇನ್ನೂ ಬುಸ್ಸೆನ್ನುತ್ತಿತ್ತು.

ವಾಲಗದವರು ಬೆಚ್ಚಿ ನಿಲ್ಲಿಸಿದರು.

"ನಿಲ್ಲುಸ್ಬ್ಯಾಡ್ರಲಾ," ಸಾಹುಕಾರರು ಹಲ್ಲು ಕಚ್ಚಿಕೊಂಡು ಹೇಳಿದರು, "ಇನ್ನೂ ಜೋರಾಗಿ ಬಡೀರಿ, ಆ ಇಂಜಿನಿಯರಿಗೆ ನೀರಿನ ಸದ್ದು ಕೇಳುಸ್ಬಾರ್ದು."

ಇಂಜಿನಿಯರು ಅವರ ಬೆನ್ನ ಹಿಂದೆಯೇ ನಿಂತಿದ್ದರು. "ಬೆರಳು ತೆಗೀರಿ ಸಾಹುಕಾರರೇ," ಅಂದರು, "ಅಳತೆ ತಗೋಬೇಕು."

ಇದರಲ್ಲಿ ನಿಜ ಎಷ್ಟು ದಪ್ಪ, ಎಲ್ಲೆಲ್ಲಿ ತೆಳ್ಳಗಿದೆ ಎಂದು ನೋಡಬೇಕಾದರೆ ನನಗೂ ಎಣ್ಣೆ ಹಚ್ಚಬೇಕು. ಸದ್ಯಕ್ಕೆ ಬೇಡ, ಈ ಟೀ ಕಾಸು ನೀವೇ ಕೊಟ್ಟುಬಿಡಿ.