ಪಾಚಿ ತಿನ್ನುವ ಹುದ್ದೆಗೆ ನೇಮಕಾತಿ

ಪಾಚಿ ತಿನ್ನುವ ಮೀನಿಗೆ ಪಾಚಿ ತಿಂದ ಪೂರ್ವಾನುಭವ ಇರತಕ್ಕದ್ದು ಎಂಬ ನಿಯಮ ಆ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕಾಫಿ ಕುಡಿದಾದ ಮೇಲೆ ಜಾರಿಗೆ ಬಂತು.

ಭಗವಂತ ನೀರನ್ನು ಸೃಷ್ಟಿಸಿದ, ಬೆಳಕನ್ನು ಕೊಟ್ಟ, ಇವೆರಡೂ ಕೂಡಿದಲ್ಲಿ ಪಾಚಿ ತಾನಾಗಿ ಹುಟ್ಟಲಿ ಎಂದು ಅಪ್ಪಣೆ ಮಾಡಿದ. ಅದಕ್ಕೆ ಆತನಿಗೆ ಸಮಿತಿ ಬೇಕಾಗಲಿಲ್ಲ. ಆಗಿನ್ನೂ ಈ ಮನೆಯ ಯಜಮಾನರು ಹುಟ್ಟಿರಲಿಲ್ಲ ಅನ್ನುವುದನ್ನು ನಾವು ನೆನಪಿಡಬೇಕು. ಯಜಮಾನರು ದೊಡ್ಡದೊಂದು ಕಚೇರಿಯ ನೇಮಕಾತಿ ವಿಭಾಗದ ಮುಖ್ಯಸ್ಥರು. ಊಟದ ಮೇಜಿನ ಮೇಲೂ ಉಪ್ಪಿನ ಡಬ್ಬಿಯನ್ನು ಲಿಖಿತ ಅರ್ಜಿ ಇಲ್ಲದೆ ಮುಟ್ಟಿದವರಲ್ಲ.

ಮೀನಿನ ಗಾಜಿನ ತೊಟ್ಟಿ ನಡುಮನೆಯ ಕಿಟಕಿ ಪಕ್ಕದಲ್ಲಿತ್ತು. ಅದರಲ್ಲಿದ್ದದ್ದು ಒಂದೇ ಒಂದು ಕಿತ್ತಳೆ ಬಣ್ಣದ ಮುದಿ ಮೀನು, ಕೆಂಚ. ಯಜಮಾನರ ಅಮ್ಮನಿಗೆ ಅವನೆಂದರೆ ಪ್ರಾಣ. ಬೆಳಗಿನ ಪ್ರಾರ್ಥನೆ ಮುಗಿಸಿ ತೊಟ್ಟಿಯ ಮುಂದೆ ಕೂತು, "ಎದ್ದೆಯೇನೋ ನನ್ನಪ್ಪ?" ಅಂತ ಕೇಳದೆ ಅವರ ದಿನ ಶುರುವಾಗುತ್ತಿರಲಿಲ್ಲ. ಈಗ ಗಾಜು ಹಸಿರು ಕಂಬಳಿ ಹೊದ್ದು ಕೂತಿತ್ತು. ಕೆಂಚ ಎದ್ದನೋ ಇಲ್ಲವೋ ದೇವರಿಗೇ ಗೊತ್ತು.

"ಒಂದು ಒದ್ದೆ ಬಟ್ಟೆ ಕೊಡೋ, ನಾನೇ ಒರೆಸ್ತೀನಿ," ಎಂದರು ಅಮ್ಮ.

ಯಜಮಾನರು ಬೆಚ್ಚಿಬಿದ್ದರು. "ಅಮ್ಮಾ! ಹುದ್ದೆ ಖಾಲಿ ಇರುವಾಗ ಕೆಲಸ ನಡೆದುಬಿಟ್ಟರೆ, ಆ ಹುದ್ದೆಯೇ ಬೇಡ ಅಂತ ಆಗಿಬಿಡತ್ತೆ!"

"ಆಗಲಿ ಬಿಡೋ."

"ಹಾಗೆಲ್ಲ ಆಗಬಾರದಮ್ಮ," ಎಂದರು ಯಜಮಾನರು, ಮಗುವಿಗೆ ಬೆಂಕಿ ಮುಟ್ಟಬೇಡ ಅನ್ನುವಷ್ಟು ಅಕ್ಕರೆಯಿಂದ.

ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ತಂದವನು ಯಜಮಾನರ ಭಾವಮೈದುನ. ಅವನದು ಮೀನಿನಂಗಡಿ. ಆಯ್ಕೆ ಸಮಿತಿಯ ತಜ್ಞ ಸದಸ್ಯನೂ ಅವನೇ. ಮಾರುವವನೇ ಆರಿಸಿದರೆ ಆಯ್ಕೆ ಬೇಗ ಮುಗಿಯುತ್ತದೆ ಎಂಬ ಸದುದ್ದೇಶ ಅಷ್ಟೇ. ನಾವು ಅನ್ಯಥಾ ಭಾವಿಸಬಾರದು. ಯಜಮಾನರ ಹೆಂಡತಿ ಮತವಿಲ್ಲದ ಸದಸ್ಯೆ. ಅಮ್ಮನಿಗೆ ಬಾಗಿಲ ಬಳಿ ಕುರ್ಚಿ.

ಮೊದಲು ಬಂದದ್ದು ಬಸವನಹುಳು. ಸ್ವಂತ ಮನೆ ಬೆನ್ನ ಮೇಲಿದ್ದೂ ವಸತಿ ಕೇಳಿಕೊಂಡು ಬಂದಿದೆ ಎಂದು ಅದನ್ನು ಬಾಗಿಲಲ್ಲೇ ತಿರಸ್ಕರಿಸಲಾಯಿತು.

ಆಮೇಲೆ ಬೆರಳ ಗೆಣ್ಣಿನಷ್ಟುದ್ದದ ಬೂದು ಮೀನುಗಳ ಒಂದು ಗುಂಪು. ಪರೀಕ್ಷೆಗೆಂದು ಬಟ್ಟಲಲ್ಲಿಟ್ಟಿದ್ದ ಪಾಚಿಗಟ್ಟಿದ ಕಲ್ಲಿಗೆ ಅವು ಬಂದ ಗಳಿಗೆಯೇ ಅಂಟಿಕೊಂಡವು. ಯಜಮಾನರು ಪ್ರಶ್ನೆ ಕೇಳಿ ಮುಗಿಸುವುದರೊಳಗೆ ಕಲ್ಲು ಹೊಸ ನಾಣ್ಯದ ಹಾಗೆ ಹೊಳೆಯತೊಡಗಿತು.

"ಅಯ್ಯೋ, ನೋಡ್ರೋ! ಎಷ್ಟು ಚೆಂದ ತಿಂದವು!" ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ಅದೇ ನೋಡಮ್ಮ ತಪ್ಪು," ಯಜಮಾನರ ಮುಖ ಗಂಟಾಯಿತು. "ಸಂದರ್ಶನ ನಡೀತಿರುವಾಗ ತಿನ್ನೋದಾ? ಶಿಸ್ತು ಬೇಡವಾ?"

"ಇನ್ನೊಂದು ವಿಷಯ ಭಾವ," ಎಂದ ಭಾವಮೈದುನ. "ಇವು ಒಂಟಿಯಾಗಿ ಇರೋದಿಲ್ಲ. ಗುಂಪಾದ್ರೆ ಮಾತ್ರ ಬರ್ತೀವಿ ಅಂತಾವೆ."

"ಗುಂಪುಗಾರಿಕೆ!" ಯಜಮಾನರು ಬಟ್ಟಲನ್ನು ಆಚೆ ಸರಿಸಿದರು.

ಕೊನೆಗೆ ಭಾವಮೈದುನ ಎರಡೂ ಕೈಯಲ್ಲಿ ಬಕೆಟ್ಟು ಹೊತ್ತು ತಂದ. ಅದರಲ್ಲಿ ಮೊಳದುದ್ದದ, ಮೈತುಂಬ ಚುಕ್ಕೆಯ, ಮೀಸೆ ಹೊತ್ತ ಒಂದು ಮೀನು. ಬೇರೆ ಯಾರೂ ಕೊಳ್ಳದೆ ಅಂಗಡಿಯಲ್ಲೇ ಉಳಿದು, ಅಲ್ಲೇ ಕೊಬ್ಬಿದ ಮೀನು ಅದು. ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ತಳಕ್ಕೆ ಬಾಯಿ ಅಂಟಿಸಿ, ಏನು ಕೇಳಿದರೂ ಅಲುಗಾಡದೆ ಕೂತಿತು.

"ಎಂಥ ಗಾಂಭೀರ್ಯ!" ಯಜಮಾನರ ಧ್ವನಿ ತಗ್ಗಿತು. "ಅನುಭವ?"

"ನಮ್ಮಲ್ಲೇ ತಿಂದಿದ್ದಾರೆ ಭಾವ. ನಡತೆ ತೃಪ್ತಿಕರ."

ಹೀಗೆ ಸಾಹೇಬರ ನೇಮಕ ಆಯಿತು. ಆ ಹೆಸರು ಇಟ್ಟವರು ಅಮ್ಮ. ಯಜಮಾನರು ಅದನ್ನು ಗೌರವವೆಂದೇ ತಿಳಿದರು.

ಸಾಹೇಬರು ಪಾಚಿ ಮುಟ್ಟಲಿಲ್ಲ. ಭಾವಮೈದುನನ ಅಂಗಡಿಯಿಂದಲೇ ಬರುತ್ತಿದ್ದ ತಿನಿಸಿನ ಗುಳಿಗೆಗಳನ್ನು ಮಾತ್ರ ಸ್ವೀಕರಿಸಿದರು. ತಿಂದದ್ದಕ್ಕೆ ತಕ್ಕಂತೆ ವಿಸರ್ಜಿಸಿದರು. ಪಾಚಿ ಅದನ್ನುಂಡು ಇನ್ನೂ ಸೊಂಪಾಗಿ ಬೆಳೆಯಿತು. ಕೆಲಸ ಹೆಚ್ಚಿದೆ ಅಂದಮೇಲೆ ಹುದ್ದೆಯ ಅಗತ್ಯ ಸಾಬೀತಾಯಿತಲ್ಲ ಎಂದು ಯಜಮಾನರು ಸಂತೋಷಪಟ್ಟರು.

ಒಂದು ಮುಂಜಾನೆ ಪ್ರಾರ್ಥನೆಯ ನಡುವೆ ಅಮ್ಮನಿಗೆ ತಡೆಯಲಾಗಲಿಲ್ಲ. ಒದ್ದೆ ಬಟ್ಟೆ ಹಿಡಿದು, ಸೆರಗು ಸಿಕ್ಕಿಸಿ, ನೀರಿಗೆ ಕೈಯಿಳಿಸಿ ಗಾಜಿನ ಒಂದು ಮೂಲೆ ಉಜ್ಜಿದರು. ಒಳಗೆ ಕೆಂಚ ವಾಲಿಕೊಂಡು ತೇಲುತ್ತಿದ್ದ. ಸಾಹೇಬರು ಅವನ ಪಕ್ಕೆಗೆ ಬಾಯಿ ಹಚ್ಚಿ ಲೋಳೆ ಹೀರುತ್ತಿದ್ದರು. ಅಲ್ಲಿ ಹುರುಪೆ ಉದುರಿ ಬಿಳಿ ಮಾಂಸ ಕಾಣುತ್ತಿತ್ತು.

"ಲೋ! ಎದ್ದು ಬಾರೋ! ನಿನ್ನ ಸಾಹೇಬ ನನ್ನ ಮಗೂನ ತಿಂತಿದಾನೆ!"

ಯಜಮಾನರು ಕನ್ನಡಕ ಏರಿಸಿಕೊಂಡು ಸ್ಥಳ ಪರಿಶೀಲನೆ ನಡೆಸಿದರು. "ಕೆಂಚನ ಮೈಮೇಲೆ ಪಾಚಿ ಇದ್ದಿರಬೇಕಮ್ಮ. ಶುಚಿ ಮಾಡ್ತಿದಾರೆ."

"ಥೂ ನಿನ್ನ!" ಅಮ್ಮ ಕೆಂಚನನ್ನು ಬೊಗಸೆಯಲ್ಲೆತ್ತಿ, ಅಡುಗೆಮನೆಯ ದೊಡ್ಡ ಪಾತ್ರೆಗೆ ಬಿಟ್ಟರು. ಎದುರು ಕೂತು ಅತ್ತರು, ದೇವರನ್ನು ಕೂಗಿದರು. ದಯಾಮಯನಾದ ಆತ ಅರ್ಜಿ ಬರೆದು ತಾ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಂಚ ಬಾಲ ಅಲ್ಲಾಡಿಸಿದ.

ಅಷ್ಟರಲ್ಲಿ ನಡುಮನೆಯಲ್ಲಿ ಯಜಮಾನರ ಕಣ್ಣು ಅಮ್ಮ ಉಜ್ಜಿದ ಮೂಲೆಯ ಮೇಲೆ ಬಿದ್ದಿತ್ತು. ಗಾಜು ಫಳಫಳ ಅನ್ನುತ್ತಿತ್ತು.

"ನೋಡಿದೆಯೇನೇ? ಸಾಹೇಬರು ಕೆಲಸ ಶುರುಮಾಡಿದ್ದಾರೆ!"

"ರೀ, ಅದು ಅತ್ತೆ..." ಎಂದರು ಹೆಂಡತಿ. ಮತವಿಲ್ಲದ್ದು ನೆನಪಾಗಿ ಸುಮ್ಮನಾದರು.

ಸಾಹೇಬರಿಗೆ ಅಂದೇ ಬಡ್ತಿಯಾಯಿತು. ಬಡ್ತಿ ಹೊಂದಿದವರು ಖುದ್ದಾಗಿ ಪಾಚಿ ತಿನ್ನುವುದು ಘನತೆಗೆ ತಕ್ಕದ್ದಲ್ಲವಾದ್ದರಿಂದ ಸಹಾಯಕರ ಹುದ್ದೆಯೊಂದು ಹುಟ್ಟಿತು. ಮುಂದಿನ ಭಾನುವಾರ ಕಾಫಿಯಾದ ಮೇಲೆ ಅದೇ ಮೇಜು, ಅದೇ ಸಮಿತಿ. ಎದುರಿಗೆ ಅಭ್ಯರ್ಥಿಯಾಗಿ ಅಮ್ಮ.

"ಪಾಚಿ ತಿಂದ ಅನುಭವ ಇದೆಯಾ ಅಮ್ಮ?"

"ಇಲ್ಲ ಕಣಪ್ಪ."

ಯಜಮಾನರು ಯೋಚಿಸಿದರು. "ಅಡ್ಡಿಯಿಲ್ಲ. ಸಾಹೇಬರೇ ಕಲಿಸಿಕೊಡ್ತಾರೆ."

"ನಂದೊಂದು ಮಾತಿದೆ. ಕೆಂಚ ನನ್ನ ಹತ್ತಿರವೇ, ಅಡುಗೆಮನೇಲೇ ಇರ್ತಾನೆ. ಆ ನಿನ್ನ ಸಾಹೇಬ ಅತ್ತ ಮೂಸಿ ನೋಡಕೂಡದು."

ಸಮಿತಿ ಪಿಸುಗುಟ್ಟಿಕೊಂಡಿತು. ಸಹಾಯಕ ಸಿಬ್ಬಂದಿಗೆ ಅವಲಂಬಿತರ ವಸತಿ ಕೊಡಲು ಅವಕಾಶವಿದೆ ಎಂದು ಕಂಡುಬಂತು. ಪಾತ್ರೆ ಮಂಜೂರಾಯಿತು.

ಈಗ ಅಮ್ಮ ಬೆಳಗಿನ ಪ್ರಾರ್ಥನೆ ಮುಗಿಸಿ, ಕೆಂಚನನ್ನು ಎಬ್ಬಿಸಿ, ಗಾಜು ಒರೆಸುತ್ತಾರೆ. ಬಂದ ನೆಂಟರೆಲ್ಲ ತೊಟ್ಟಿಯ ಮುಂದೆ ನಿಂತು ಬೆರಗಾಗುತ್ತಾರೆ. ಎಷ್ಟು ಚೊಕ್ಕ ತಿನ್ನತ್ತೆ ನೋಡಿ, ನಮಗೂ ಒಂದು ಕೊಡಿಸಿ ಅಂತ ದುಂಬಾಲು ಬೀಳುತ್ತಾರೆ. ಭಾವಮೈದುನ ಬಕೆಟ್ಟುಗಳನ್ನು ತೊಳೆದಿಟ್ಟುಕೊಂಡಿದ್ದಾನೆ. ಸಾಹೇಬರು ತಳದಲ್ಲಿ ನಿದ್ದೆ ಹೋಗಿರುತ್ತಾರೆ.

"ಹೌದಮ್ಮ, ಬಹಳ ಕಷ್ಟಪಡ್ತಾರೆ ಪಾಪ," ಎನ್ನುತ್ತಾರೆ ಅಮ್ಮ, ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದು.