ಅರ್ಧಕ್ಕೆ ನಿಂತ ಪ್ಲಾಸ್ಮಾ ಪಾಠ

ವಿಜ್ಞಾನದ ಮೇಷ್ಟ್ರಿಗೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಸಂದರ್ಭಗಳು ಆಗಾಗ ಬರುತ್ತಲೇ ಇರುತ್ತವೆ. ಈ ವರ್ಷ ನನಗೆ ಬಂದವೆಲ್ಲ ಒಂದೇ ಪಾಠದಿಂದ ಬಂದವು.

ಜೂನ್ ತಿಂಗಳಲ್ಲಿ ಒಂಬತ್ತನೇ ತರಗತಿಗೆ ದ್ರವ್ಯದ ಸ್ಥಿತಿಗಳನ್ನು ಹೇಳಿಕೊಡುತ್ತಿದ್ದೆ. ಘನ, ದ್ರವ, ಅನಿಲ ಮುಗಿದಿತ್ತು. ಬೋರ್ಡಿನ ಮೇಲೆ ‘ಪ್ಲಾಸ್ಮಾ’ ಎಂದು ಬರೆದು ತಿರುಗುವಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ಹಾಸನದ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಾನು ಅಲ್ಲಿಗೆ ತಲುಪುವ ಹೊತ್ತಿಗೆ ನನ್ನ ಹೆಂಡತಿ ಇರಲಿಲ್ಲ.

೧. ದೀಪ

ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರೆಲ್ಲ ಬಂದಿದ್ದರು. ಅವಳ ಫೋಟೊ, ಹಾರ, ಮುಂದೊಂದು ಎಣ್ಣೆ ದೀಪ. ನನಗೆ ಅಷ್ಟು ದಿನವೂ ಅಳು ಬಂದಿರಲಿಲ್ಲ. ಜನ ಅದನ್ನು ಗಮನಿಸಿದ್ದರು. ಎಲ್ಲರಿಗಿಂತ ಹೆಚ್ಚು ಗಮನಿಸಿದ್ದು ನನ್ನ ನಾದಿನಿ, ಹೆಂಡತಿಯ ಒಬ್ಬಳೇ ತಂಗಿ.

ನಾದಿನಿಯ ಮಗಳು ನನ್ನದೇ ತರಗತಿಯ ಹುಡುಗಿ. ಪಕ್ಕದಲ್ಲಿ ಕೂತು ದೀಪವನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: “ದೊಡ್ಡಪ್ಪ, ಇದು ಪ್ಲಾಸ್ಮಾನಾ?”

ಮಗುವಿನ ತಲೆಯಲ್ಲಿ ತಪ್ಪು ತಿಳಿವಳಿಕೆ ಉಳಿಯುವುದು ನನಗೆ ಆಗದು. ಅಲ್ಲ, ದೀಪದ ಶಾಖ ಅದಕ್ಕೆ ಸಾಲದು, ಈ ಹಳದಿ ಬಣ್ಣ ಕಾದು ಹೊಳೆಯುವ ಮಸಿಯ ಕಣಗಳದ್ದು, ಪ್ಲಾಸ್ಮಾ ಆಗಬೇಕಾದರೆ ಪರಮಾಣುವಿನಿಂದ ಎಲೆಕ್ಟ್ರಾನು ಬೇರೆಯಾಗಬೇಕು ಎಂದೆ. ಬೇರೆಯಾಗಿ ಎಲ್ಲಿಗೆ ಹೋಗ್ತದೆ ಅಂದಳು. ಒಳ್ಳೆಯ ಪ್ರಶ್ನೆ. ಎರಡೂ ಕೈ ಎತ್ತಿ ವಿವರಿಸಿದೆ. ಬೇರೆಯಾದರೂ ದೂರ ಹೋಗುವುದಿಲ್ಲ, ಅಲ್ಲೇ ಅಕ್ಕಪಕ್ಕ ಓಡಾಡಿಕೊಂಡಿರುತ್ತದೆ. ಅರ್ಥವಾಯಿತೆ ಎಂದು ತಲೆ ಎತ್ತಿದೆ.

ಭಜನೆ ನಿಂತುಹೋಗಿತ್ತು. ಇಡೀ ಮನೆ ನನ್ನ ಕೈಗಳನ್ನೇ ನೋಡುತ್ತಿತ್ತು.

“ನಮ್ಮಕ್ಕನ ಫೋಟೊ ಮುಂದೆ ಪಾಠ ಮಾಡ್ತಾ ಕೂತವ್ರೆ,” ಎಂದಳು ನಾದಿನಿ, ಪಕ್ಕದ ಹೆಂಗಸರಿಗೆ. “ಕಲ್ಲು ಕಣ್ರೀ, ಕಲ್ಲು.”

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ನನ್ನವಳ ಮುಖ, ನನ್ನವಳ ದನಿ ಇನ್ನು ಉಳಿದಿದ್ದುದು ಅವಳೊಬ್ಬಳಲ್ಲಿ.

ಸಭೆಯಲ್ಲಿ ಬೇಸರಪಡದವರು ನನ್ನ ಸೋದರಮಾವ ಮಾತ್ರ. ಅವರಿಗೆ ಕಿವಿ ಮಂದ. ನಾನು ಹೆಂಡತಿಯ ಗುಣಗಾನ ಮಾಡುತ್ತಿದ್ದೇನೆ ಅಂದುಕೊಂಡು ಕಣ್ಣೊರೆಸಿಕೊಂಡು, “ಮುಂದಕ್ಕೆ ಹೇಳಪ್ಪ,” ಎಂದರು.

೨. ಬಿಳಿ ಪಂಚೆ

ರಜೆ ಮುಗಿಸಿ ಶಾಲೆಗೆ ಬಂದಾಗ ಮಕ್ಕಳು ಪ್ಲಾಸ್ಮಾ ಬಾಕಿ ಇದೆ ಎಂದು ನೆನಪಿಸಿದರು. ಉರಿಯುವ ಟ್ಯೂಬ್‌ಲೈಟಿನ ಒಳಗಿರುವುದು ಪ್ಲಾಸ್ಮಾ. ಆದರೆ ನಮ್ಮ ಶಾಲೆಯಲ್ಲಿ ಎಲ್ಲ ಕಡೆ ಎಲ್‌ಇಡಿ ಹಾಕಿಬಿಟ್ಟಿದ್ದಾರೆ. ಅದರಲ್ಲಿ ಪ್ಲಾಸ್ಮಾ ಇಲ್ಲ. ಹೊಂಗಡಹಳ್ಳದ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಪರಿಚಯದವರೊಬ್ಬರು ಸ್ಟೋರಿನಿಂದ ಹಳೆಯ ಟ್ಯೂಬೊಂದನ್ನು ಹುಡುಕಿಕೊಟ್ಟರು. ಅದನ್ನು ಹೊತ್ತಿಸುವ ಚೋಕು ಶಾಲೆಯ ಹಳೆ ಸಾಮಾನಿನಲ್ಲಿ ಸಿಕ್ಕೀತು ಅಂದುಕೊಂಡೆ.

ಒಡೆದೀತೆಂದು ಬಿಳಿ ಪಂಚೆಯಲ್ಲಿ ಸುತ್ತಿ, ಎರಡೂ ತೋಳುಗಳ ಮೇಲೆ ಅಡ್ಡಲಾಗಿ ಹಿಡಿದು ಬಸ್ಸು ಹತ್ತಿದೆ. ಹಣೆಯಲ್ಲಿ ವಿಭೂತಿ ಇತ್ತು, ಗಡ್ಡ ಬಿಟ್ಟಿದ್ದೆ. ನನ್ನ ಮನೆಯಲ್ಲಿ ಆದದ್ದು ಆ ಬಸ್ಸಿನಲ್ಲಿ ಎಲ್ಲರಿಗೂ ಗೊತ್ತು. ಡ್ರೈವರು ಹಾಡು ಬಂದ್ ಮಾಡಿದ. ಒಬ್ಬ ಅಜ್ಜಿ ಎದ್ದು ಸೀಟು ಬಿಟ್ಟುಕೊಟ್ಟು, ಒಳಗಿರುವುದು ಅಸ್ಥಿ ಅಂದುಕೊಂಡು ಪಂಚೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಇದು ಟ್ಯೂಬ್‌ಲೈಟು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೂ ಇಬ್ಬರು ಕೈ ಮುಗಿದಿದ್ದರು. ಬಾಯಿ ಮುಚ್ಚಿಕೊಂಡೆ.

ಮಾರನೆಯ ದಿನ ಬಾಳ್ಳುಪೇಟೆಯಲ್ಲಿ ಅದೇ ಅಜ್ಜಿ ಎದುರಾಯಿತು. ಕಾರ್ಯ ಸುಸೂತ್ರವಾಗಿ ಆಯಿತೇ ಎಂದು ಬಹಳ ಕಕ್ಕುಲತೆಯಿಂದ ಕೇಳಿತು. ನನಗೆ ಸುಳ್ಳು ಹೇಳಲು ಬರುವುದಿಲ್ಲ.

“ಆಗಲಿಲ್ಲಮ್ಮ,” ಎಂದೆ. “ಚೋಕ್ ಇರಲಿಲ್ಲ.”

೩. ಉತ್ತರ

ಪರೀಕ್ಷೆಯಲ್ಲಿ ಪ್ಲಾಸ್ಮಾ ಬಗ್ಗೆ ಕಿರು ಟಿಪ್ಪಣಿ ಕೇಳಿದ್ದೆ. ಒಬ್ಬ ಬರೆದಿದ್ದ: “ಇದು ದ್ರವ್ಯದ ನಾಲ್ಕನೇ ಸ್ಥಿತಿ. ಇದನ್ನು ತೋರಿಸಲು ನಮ್ಮ ಸರ್ ಬಹಳ ಕಷ್ಟಪಟ್ಟರು, ಆಗಲಿಲ್ಲ.”

ತಪ್ಪು ಎಲ್ಲಿದೆ ಎಂದು ಕೆಂಪು ಪೆನ್ನು ಹಿಡಿದು ಹುಡುಕಿದೆ. ಸಿಗಲಿಲ್ಲ. ಪೂರ್ತಿ ಅಂಕ ಕೊಟ್ಟೆ.

೪. ಗುಡುಗು

ನಮ್ಮ ಕಡೆ ಗುಡುಗಿದರೆ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುತ್ತಾರೆ. ನನ್ನ ಹೆಂಡತಿಗೂ ಆ ರೂಢಿ. ಕೈಯಲ್ಲಿದ್ದ ಕೆಲಸ ಬಿಟ್ಟು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳುವಳು. ಕೊನೆಗೆ ತನ್ನದೂ ಒಂದು ಸಾಲು ಸೇರಿಸುವಳು. ಮಿಂಚು ಅಂದರೆ ಅತಿಯಾಗಿ ಕಾದ ಗಾಳಿ, ಪ್ಲಾಸ್ಮಾ ಕಣೇ ಎಂದು ನಾನು ಹೇಳಿದರೆ, “ನಿಮ್ ಪ್ಲಾಸ್ಮಾ ನಿಮ್ಗೆ, ನಮ್ ಅರ್ಜುನ ನಮ್ಗೆ,” ಅನ್ನುವಳು.

ಅಕ್ಟೋಬರಿನ ಒಂದು ಮಧ್ಯಾಹ್ನ ತರಗತಿಯಲ್ಲಿದ್ದಾಗ ಮಾರನಹಳ್ಳಿ ಕಡೆ ಮೋಡ ಕಪ್ಪಗಾಯಿತು. ಮಕ್ಕಳು ಆಗಲೇ ಅರ್ಜುನ, ಫಲ್ಗುಣ ಎಂದು ಗೊಣಗತೊಡಗಿದ್ದರು. ಅಂತೂ ಪ್ಲಾಸ್ಮಾ ತಾನಾಗಿಯೇ ಬಂದಿತ್ತು. ಕಿಟಕಿಗಳನ್ನು ಮುಚ್ಚಿಸಿ, ಹೆದರಬಾರದು, ಗಾಜಿನಿಂದ ಬೆಳಕು ಕಂಡ ಕೂಡಲೇ ಎಲ್ಲರೂ ‘ಪ್ಲಾಸ್ಮಾ’ ಎನ್ನಬೇಕು ಎಂದು ಹೇಳಿಕೊಟ್ಟೆ. ದೂರದ ಮಿಂಚಿಗೆ ಚೆನ್ನಾಗಿಯೇ ಅಂದರು. ಅರ್ಧಕ್ಕೆ ನಿಂತ ಪಾಠ ಮುಗಿಯಿತು ಅಂದುಕೊಂಡೆ.

ಆಮೇಲಿನದು ಶಾಲೆಯ ಹಿಂದಿನ ಸಿಲ್ವರ್ ಓಕ್ ಮರಕ್ಕೇ ಹೊಡೆಯಿತು.

ಮಕ್ಕಳು, ಒಬ್ಬರೂ ತಪ್ಪದೆ, “ಪ್ಲಾಸ್ಮಾ” ಎಂದರು. ಅವರ ದನಿ ನಿಂತ ಮೇಲೂ ಒಂದು ದನಿ ನಿಲ್ಲಲಿಲ್ಲ. ಮೇಜು ಹಿಡಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳುತ್ತಿತ್ತು: “ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ನಮ್ ಯಜಮಾನ್ರನ್ನ ಕಾಪಾಡಪ್ಪ.”

ಅದು ನನ್ನ ದನಿ.

ಬೆಂಚುಗಳು ಅದುರುವಂತೆ ನಕ್ಕರು. ನಗದವಳು ನಾದಿನಿಯ ಮಗಳು ಒಬ್ಬಳೇ. ನಾನು ಬೋರ್ಡಿನ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. ಬೆಲ್ ಹೊಡೆದರೂ ತಿರುಗಲು ಆಗಲಿಲ್ಲ. ಕೊನೆಕೊನೆಗೆ ನಗುವ ಸದ್ದೂ ನಿಂತಿತ್ತು.

ಸಂಜೆ ನಾದಿನಿ ಮನೆಗೆ ಬಂದಳು. ಜೂನಿನಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಡಬ್ಬಿ ತುಂಬ ಕಡುಬು ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು ಅಕ್ಕನ ಫೋಟೊ ಮುಂದೆ ಸ್ವಲ್ಪ ಹೊತ್ತು ನಿಂತಳು. ನಾನು ನೆಲ ನೋಡುತ್ತ ನಿಂತಿದ್ದೆ. ಶಾಲೆಯಲ್ಲಿ ಆದದ್ದು ಊರಿಗೆಲ್ಲ ತಿಳಿದಿದೆ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

“ಬಿಸಿ ಇದ್ದಂಗೇ ತಿನ್ರಿ ಭಾವ,” ಎಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಅತ್ತಿದ್ದಳೋ ನಗು ತಡೆದಿದ್ದಳೋ ಹೇಳಲಾರೆ.

“ಇನ್ಮೇಲೂ ಗುಡುಗಿದ್ರೆ ಹೇಳ್ಕಳಿ, ಬಿಡಬ್ಯಾಡಿ. ಆದ್ರೆ ಶ್ವೇತವಾಹನಕ್ಕೆ ನಿಲ್ಸಿ. ನಿಮ್ ಯಜಮಾನ್ರು ಯಾರು ಅಂತ ಮಧ್ಯಾಹ್ನದಿಂದ ನಾಲ್ಕು ಜನ ಕೇಳವ್ರೆ.”